ಬಿಲ್ಡ್ ಕೆಂಪಾಯಿತು, ಯಾಕೆ?

ಸಂಜೆ ಐದು ದಾಟಿದರೆ ಬೆಳಗಾವಿಯ ಶಿವಬಸವ ನಗರದ ರಸ್ತೆಗಳಲ್ಲಿ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರದ್ದೇ ಸಾಲು. ನಾಗನೂರು ರುದ್ರಾಕ್ಷಿಮಠದ ಆಸುಪಾಸಿನ ಈ ಬಡಾವಣೆಯಲ್ಲಿ ಖಾನಾವಳಿ, ಝೆರಾಕ್ಸ್ ಅಂಗಡಿ, ಪಿ.ಜಿ. ಎಲ್ಲವೂ ವಿದ್ಯಾರ್ಥಿಗಳ ದಿನಚರಿಗೆ ಹೊಂದಿಕೊಂಡೇ ನಡೆಯುತ್ತವೆ. ಹೆಸರಾಂತ ನೀರಾವರಿ ತಜ್ಞ ಎಸ್.ಜಿ. ಬಾಳೇಕುಂದ್ರಿ ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇರುವುದೂ ಇಲ್ಲಿಯೇ.

ಬೆಳಗಾವಿಯ ಯಾವ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಹೊಕ್ಕರೂ ಆರನೇ ಸೆಮಿಸ್ಟರಿನಲ್ಲಿ ಈ ದೃಶ್ಯ ಕಾಣಬಹುದು. ಪರದೆಯ ಮೇಲೆ ಒಂದು ಪುಟ್ಟ ಗುರುತು ಮಿನುಗುತ್ತಿರುತ್ತದೆ. ಸುತ್ತ ನಾಲ್ಕು ಮಂದಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಗುರುತು ಕೆಂಪಾಗುತ್ತದೆ. “ನನ್ನ ಲ್ಯಾಪ್‌ಟಾಪಿನ್ಯಾಗ ಓಡತೈತಿ, ಅಲ್ಲಿ ಯಾಕ ಓಡವಲ್ದು?” ಎಂದು ಒಬ್ಬರು. “ಇನ್ನೊಮ್ಮೆ ರನ್ ಮಾಡ್ ನೋಡು” ಎಂದು ಇನ್ನೊಬ್ಬರು. ಮತ್ತೊಮ್ಮೆ ಒತ್ತಿದಾಗ ಹಸಿರು. ಎಲ್ಲರೂ ನಿಟ್ಟುಸಿರು ಬಿಟ್ಟು ರೆಕಾರ್ಡ್ ಬರೆಯಲು ಕೂರುತ್ತಾರೆ.

ಮೊದಲ ಸಲ ಕೆಂಪಾದದ್ದು ಏಕೆ ಎಂದು ಯಾರೂ ಕೇಳುವುದಿಲ್ಲ. ದೊಡ್ಡ ದೊಡ್ಡ ಕಂಪನಿಗಳಲ್ಲೂ ಬಹುಕಾಲ ಹೀಗೆಯೇ ನಡೆದಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಹುಟ್ಟಿಕೊಂಡ ಸೇವೆಗಳನ್ನು ‘ಬಿಲ್ಡ್ ಅನಲಿಟಿಕ್ಸ್’ ಎನ್ನುತ್ತಾರೆ. ಅವು ಏನು, ಹೇಗೆ ಜೋಡಿಸುತ್ತಾರೆ, ಜೋಡಿಸುವಾಗ ಎಲ್ಲಿ ಎಡವುತ್ತಾರೆ ಎಂಬುದು ಈ ಬರಹದ ವಿಷಯ.

ಪೈಪ್‌ಲೈನ್ ಬಂದ ದಾರಿ

ಒಂದು ಆ್ಯಪ್ ಅನ್ನು ಹತ್ತಾರು ಮಂದಿ ಸೇರಿ ಬರೆಯುತ್ತಾರೆ. ಒಬ್ಬರು ಹಣ ಪಾವತಿಯ ಭಾಗ, ಇನ್ನೊಬ್ಬರು ಲಾಗಿನ್, ಮತ್ತೊಬ್ಬರು ಪರದೆಯ ವಿನ್ಯಾಸ. ಬೇರೆಬೇರೆಯಾಗಿ ಬರೆದದ್ದನ್ನು ಒಂದುಗೂಡಿಸಿ, ಬೇಕಾದ ಲೈಬ್ರರಿಗಳನ್ನು ತರಿಸಿ, ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು, ಪರೀಕ್ಷೆಗೆ ಒಡ್ಡುವ ಇಡೀ ಕೆಲಸವೇ ‘ಬಿಲ್ಡ್’. ಹಿಂದೆ ಇದನ್ನು ವಾರಕ್ಕೋ ತಿಂಗಳಿಗೋ ಒಮ್ಮೆ ಮಾಡುತ್ತಿದ್ದರು. ಅಷ್ಟರಲ್ಲಿ ಒಬ್ಬರ ಕೋಡ್ ಇನ್ನೊಬ್ಬರ ಕೋಡಿಗೆ ಹೊಂದದಷ್ಟು ದೂರ ಹೋಗಿರುತ್ತಿತ್ತು. ಒಂದುಗೂಡಿಸುವುದಕ್ಕೇ ದಿನಗಟ್ಟಲೆ ಹಿಡಿಯುತ್ತಿತ್ತು.

1990ರ ದಶಕದ ಕೊನೆಗೆ ಕೆಂಟ್ ಬೆಕ್ ಮತ್ತು ಜೊತೆಗಾರರು ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಎಂಬ ಪದ್ಧತಿಯನ್ನು ಮುಂದಿಟ್ಟರು. ಕೋಡ್ ಅನ್ನು ದಿನಕ್ಕೆ ಹಲವು ಬಾರಿ ಒಂದುಗೂಡಿಸಿ, ಪ್ರತಿಬಾರಿಯೂ ಪರೀಕ್ಷಿಸಿ ಎಂಬುದು ಅದರ ಒಂದು ನಿಯಮ. ಇದೇ ಕಂಟಿನ್ಯೂಯಸ್ ಇಂಟಿಗ್ರೇಷನ್, ಬಳಕೆಯಲ್ಲಿ ‘ಸಿಐ’. ಈ ಹಂತಗಳನ್ನು ಒಂದರ ಹಿಂದೊಂದರಂತೆ ತಾನಾಗಿ ಓಡಿಸುವ ಏರ್ಪಾಡೇ ‘ಪೈಪ್‌ಲೈನ್’. 2000ದಲ್ಲಿ ಮಾರ್ಟಿನ್ ಫೌಲರ್ ಬರೆದ ಪ್ರಬಂಧ ಇದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಮರುವರ್ಷವೇ ಥಾಟ್‌ವರ್ಕ್ಸ್ ಕಂಪನಿಯಿಂದ ‘ಕ್ರೂಸ್ ಕಂಟ್ರೋಲ್’ ಎಂಬ ಸಲಕರಣೆ ಬಂತು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ‘ಹಡ್ಸನ್’ ಕಟ್ಟಿದರು. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಹೆಸರಿನ ಹಕ್ಕಿಗಾಗಿ ತಕರಾರು ಎದ್ದಿತು. 2011ರಲ್ಲಿ ಹಡ್ಸನ್ ಬಳಗದ ಬಹುಪಾಲು ಮಂದಿ ‘ಜೆಂಕಿನ್ಸ್’ ಎಂಬ ಹೊಸ ಹೆಸರಿನಡಿ ಹೊರನಡೆದರು. ಇಂದು ನಮ್ಮ ಲ್ಯಾಬುಗಳಲ್ಲಿ ಓಡುವುದು ಅದೇ ಜೆಂಕಿನ್ಸ್.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಥಾಟ್‌ವರ್ಕ್ಸ್ ಮುಂದೆ ರೂಪಿಸಿದ ‘ಗೋಸಿಡಿ’ ಎಂಬ ಪೈಪ್‌ಲೈನ್ ತಂತ್ರಾಂಶವನ್ನು ಬಹುಕಾಲ ಬೆಳೆಸಿದವರಲ್ಲಿ ಅದರ ಬೆಂಗಳೂರು ಕಚೇರಿಯ ಎಂಜಿನಿಯರುಗಳಿದ್ದರು. 2014ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. ಬಿಲ್ಡ್ ಎಷ್ಟು ಹೊತ್ತು ಓಡಿತು, ಅದಕ್ಕೂ ಮೊದಲು ಸರದಿಯಲ್ಲಿ ಎಷ್ಟು ಹೊತ್ತು ಕಾಯಿತು ಎಂದು ತೋರಿಸುವ ಅನಲಿಟಿಕ್ಸ್ ಪ್ಲಗಿನ್ ಕೂಡ ಅದಕ್ಕೆ ಬಂತು.

ಬೆಳಗಾವಿಯ ಜ್ಞಾನ ಸಂಗಮದಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ‘ಡೆವಾಪ್ಸ್’ ಎಂಬ ಪ್ರಯೋಗಾಲಯ ವಿಷಯವಿದೆ. ಮೇವನ್ ಮತ್ತು ಗ್ರೇಡಲ್ ಎಂಬ ಬಿಲ್ಡ್ ಸಲಕರಣೆಗಳು, ಜೆಂಕಿನ್ಸ್, ಆನ್ಸಿಬಲ್, ಅಜೂರ್ ಡೆವಾಪ್ಸ್ ಎಲ್ಲವೂ ಅದರಲ್ಲಿವೆ. ಹತ್ತು ವರ್ಷ ಹಿಂದೆ ಕೆಲಸಕ್ಕೆ ಸೇರಿದ ಮೇಲೆಯೇ ಕಾಣುತ್ತಿದ್ದ ಸಂಗತಿಗಳು ಈಗ ಮೂರನೇ ವರ್ಷದ ಲ್ಯಾಬಿಗೆ ಬಂದಿವೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಪೈಪ್‌ಲೈನ್ ಕಟ್ಟುವುದನ್ನು ಈ ಲ್ಯಾಬ್ ಕಲಿಸುತ್ತದೆ. ಕಟ್ಟಿದ್ದನ್ನು ಓದುವುದನ್ನೂ ಕಲಿಸಬೇಕು ಎಂಬುದು ನನ್ನ ಆಗ್ರಹ.

ಎರಡು ಬಣ್ಣಗಳಲ್ಲಿ ಹಿಡಿಯದ್ದು

ಕೆಂಪು, ಹಸಿರು ಎಂದಷ್ಟೇ ತಿಳಿದರೆ ಸಾಲದು ಎಂಬುದು ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳನ್ನು ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಎರಕ ಹೊಯ್ದ ಭಾಗದಲ್ಲಿ ಗಾಳಿಗುಳ್ಳೆ ಕಂಡರೆ ಅದನ್ನು ರಿಜೆಕ್ಟ್ ಮಾಡುತ್ತಾರೆ. ರಿಜೆಕ್ಟ್ ಎಂದು ಬರೆದು ಬದಿಗಿಟ್ಟರೆ ನಾಳೆಯೂ ಅದೇ ಗುಳ್ಳೆ ಬರುತ್ತದೆ. ಮರಳಿನ ತೇವ ಎಷ್ಟಿತ್ತು, ಲೋಹದ ಶಾಖ ಎಷ್ಟಿತ್ತು, ಯಾವ ಪಾಳಿಯ ಯಾವ ಹೀಟ್‌ನಲ್ಲಿ (ಒಂದು ಸಲ ಕರಗಿಸಿದ ಲೋಹದಲ್ಲಿ) ಹೊಯ್ದದ್ದು ಎಂಬ ದಾಖಲೆ ಇದ್ದರೆ ಮಾತ್ರ ಕಾರಣ ಸಿಗುತ್ತದೆ. ತಂತ್ರಾಂಶದ ಬಿಲ್ಡ್‌ಗೂ ಅಂಥದೇ ದಾಖಲೆ ಬೇಕು.

ಜೆಂಕಿನ್ಸ್ ಮೊದಲಿನಿಂದಲೂ ಒಂದಿಷ್ಟು ದಾಖಲೆ ಇಡುತ್ತಿತ್ತು. ಪ್ರತಿ ಕೆಲಸದ ಪಕ್ಕದಲ್ಲಿ ಹವಾಮಾನದ ಚಿತ್ರ: ಇತ್ತೀಚಿನ ಬಿಲ್ಡ್‌ಗಳು ಗೆದ್ದಿದ್ದರೆ ಸೂರ್ಯ, ಸೋಲುತ್ತಿದ್ದರೆ ಮೋಡ, ತೀರಾ ಕೆಟ್ಟಿದ್ದರೆ ಗುಡುಗು ಮಳೆ. ಚಿತ್ರ ಚೆಂದ, ಮಾಹಿತಿ ಅಲ್ಪ. ಕಾರಣ ಬೇಕೆಂದರೆ ಸಾವಿರಾರು ಸಾಲುಗಳ ಲಾಗ್ ಓದಬೇಕು. ಹಳೆಯ ಲಾಗುಗಳನ್ನು ಜಾಗ ಉಳಿಸಲು ಅಳಿಸಿರುತ್ತಾರೆ. ನಿನ್ನೆಯ ಲಾಗನ್ನೂ ಇಂದಿನದನ್ನೂ ಅಕ್ಕಪಕ್ಕ ಇಟ್ಟು ನೋಡುವುದಂತೂ ಸುಲಭವಲ್ಲ.

ಬಿಲ್ಡ್ ಅನಲಿಟಿಕ್ಸ್ ಸೇವೆ ಈ ಕೊರತೆ ತುಂಬುತ್ತದೆ. ಗ್ರೇಡಲ್ ಕಂಪನಿ 2016ರಲ್ಲಿ ‘ಬಿಲ್ಡ್ ಸ್ಕ್ಯಾನ್’ ಎಂಬ ಸೌಲಭ್ಯ ತಂದಿತು. ಒಂದು ಬಿಲ್ಡ್ ಮುಗಿದ ಕೂಡಲೇ ಅದರ ವಿವರಗಳೆಲ್ಲ ಒಂದು ವೆಬ್ ಪುಟವಾಗುತ್ತವೆ. ಯಾವ ಹಂತಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು, ಯಾವ ಲೈಬ್ರರಿಯ ಯಾವ ಆವೃತ್ತಿ ಎಲ್ಲಿಂದ ಬಂತು, ಯಾವ ಟೆಸ್ಟ್ ಬಿತ್ತು, ಯಂತ್ರದ ಆಪರೇಟಿಂಗ್ ಸಿಸ್ಟಂ ಯಾವುದು, ಜಾವಾ ಯಾವ ಆವೃತ್ತಿಯದು ಎಲ್ಲವೂ ಅಲ್ಲಿರುತ್ತವೆ. ಸಾವಿರಾರು ಬಿಲ್ಡ್‌ಗಳನ್ನು ಒಟ್ಟಿಗೆ ನೋಡಲು ಕಂಪನಿಗಳಿಗೆಂದು ‘ಗ್ರೇಡಲ್ ಎಂಟರ್‌ಪ್ರೈಸ್’ ಇತ್ತು. 2023ರಲ್ಲಿ ಅದು ‘ಡೆವೆಲಾಸಿಟಿ’ ಆಯಿತು. ಡೇಟಾಡಾಗ್, ಬಿಲ್ಡ್‌ಕೈಟ್, ಸರ್ಕಲ್‌ಸಿಐ ಮೊದಲಾದ ಕಂಪನಿಗಳೂ ಇಂಥ ಸೇವೆ ಕೊಡುತ್ತವೆ.

ಜೋಡಿಸುವುದು ಹೇಗೆ

ಕೈಯಾರೆ ಒಮ್ಮೆ ನೋಡುವುದು ಬಹಳ ಸುಲಭ. ಗ್ರೇಡಲ್ ಆಜ್ಞೆಯ ಕೊನೆಗೆ ‘ಸ್ಕ್ಯಾನ್’ ಎಂಬ ಆಯ್ಕೆ ಸೇರಿಸಿದರೆ ಸಾಕು. ಷರತ್ತುಗಳನ್ನು ಒಪ್ಪುತ್ತೀರಾ ಎಂದು ಅದು ಕೇಳುತ್ತದೆ. ಒಪ್ಪಿದರೆ ಕೊನೆಯಲ್ಲಿ ಒಂದು ಕೊಂಡಿ ಸಿಗುತ್ತದೆ.

ಪೈಪ್‌ಲೈನಿನಲ್ಲಿ ಪ್ರಶ್ನೆಗೆ ‘ಹೌದು’ ಎನ್ನಲು ಮನುಷ್ಯರು ಕೂತಿರುವುದಿಲ್ಲ. ಆದ್ದರಿಂದ ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಪ್ಲಗಿನ್ ಸೇರಿಸಿ, ಒಪ್ಪಿಗೆಯನ್ನೂ ಅಲ್ಲಿಯೇ ಬರೆದಿಡಬೇಕು. ಆ ಒಪ್ಪಿಗೆ ನಿಮ್ಮ ಸಂಸ್ಥೆಯ ಪರವಾಗಿ ಕೊಡುವಂಥದ್ದು. ಬೇರೆ ಕಡೆಯಿಂದ ಸಾಲುಗಳನ್ನು ನಕಲು ಮಾಡಿ ಅಂಟಿಸುವ ಮುನ್ನ ಆ ಒಪ್ಪಿಗೆ ಕೊಡುವ ಅಧಿಕಾರ ನಿಮಗಿದೆಯೇ ಎಂದು ವಿಚಾರಿಸಬೇಕು.

ಆಮೇಲಿನದು ಕೀಲಿ. ಕಂಪನಿಯ ಸ್ವಂತ ಸರ್ವರಿಗೆ ಮಾಹಿತಿ ಕಳಿಸಲು ಒಂದು ಉದ್ದನೆಯ ಗುಪ್ತ ಅಕ್ಷರಮಾಲೆ ಬೇಕು. ಇದನ್ನು ಟೋಕನ್ ಅಥವಾ ಆಕ್ಸೆಸ್ ಕೀ ಎನ್ನುತ್ತಾರೆ. ಅದನ್ನು ಕೋಡಿನೊಳಗೆ ಬರೆಯಬಾರದು. ಜೆಂಕಿನ್ಸ್‌ನಲ್ಲಿ ‘ಕ್ರೆಡೆನ್ಶಿಯಲ್ಸ್’ ಎಂಬ ಪ್ರತ್ಯೇಕ ತಿಜೋರಿಯಿದೆ. ಅಲ್ಲಿಟ್ಟರೆ ಬೇಕಾದ ಹಂತಕ್ಕೆ ಮಾತ್ರ ಕೀಲಿ ಸಿಗುತ್ತದೆ, ಲಾಗಿನಲ್ಲಿ ಅದರ ಜಾಗದಲ್ಲಿ ನಕ್ಷತ್ರ ಚಿಹ್ನೆಗಳು ಕಾಣುತ್ತವೆ.

ಹೊಸಬರು ತಪ್ಪದೆ ಎಡವುವ ಎರಡು ಜಾಗಗಳಿವೆ.

ಒಂದು, ಕಳಿಸುವ ಹೊತ್ತು. ಬಿಲ್ಡ್ ಮುಗಿದ ಮೇಲೆ ಹಿನ್ನೆಲೆಯಲ್ಲಿ ನಿಧಾನವಾಗಿ ಮಾಹಿತಿ ಕಳಿಸುವುದು ಈ ಪ್ಲಗಿನ್ನಿನ ರೂಢಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ಸರಿ. ಆದರೆ ಪೈಪ್‌ಲೈನ್ ಓಡುವ ಯಂತ್ರ ಬಹಳಷ್ಟು ಸಲ ತಾತ್ಕಾಲಿಕ. ಕೆಲಸ ಮುಗಿದ ಕ್ಷಣವೇ ಅದನ್ನು ಅಳಿಸಿಬಿಡುತ್ತಾರೆ. ಅರ್ಧ ಕಳಿಸಿದ ಮಾಹಿತಿ ಅದರೊಂದಿಗೇ ಹೋಗುತ್ತದೆ. ಅದಕ್ಕೇ ಸಿಐ ಯಂತ್ರಗಳಲ್ಲಿ ಹಿನ್ನೆಲೆ ರವಾನೆಯನ್ನು ನಿಲ್ಲಿಸಿ, ಕಳಿಸಿ ಮುಗಿಯುವವರೆಗೆ ಕಾಯುವಂತೆ ಹೊಂದಿಸಬೇಕು.

ಎರಡನೆಯದು ಇನ್ನೂ ಅಪಾಯದ್ದು. ಟೆಸ್ಟ್‌ಗಳ ಫಲಿತಾಂಶವನ್ನು ಬಹುತೇಕ ಸಲಕರಣೆಗಳು ‘ಜೆಯುನಿಟ್ ಎಕ್ಸ್‌ಎಂಎಲ್’ ಎಂಬ ಒಂದೇ ಬಗೆಯ ಫೈಲಿನಲ್ಲಿ ಬರೆಯುತ್ತವೆ. ಆ ಫೈಲನ್ನು ಸೇವೆಗೆ ಕಳಿಸುವ ಹಂತವನ್ನು ಟೆಸ್ಟ್ ಹಂತದ ನಂತರ ಇಡುತ್ತಾರೆ. ಟೆಸ್ಟ್ ಬಿದ್ದರೆ ಪೈಪ್‌ಲೈನ್ ಅಲ್ಲಿಗೇ ನಿಲ್ಲುತ್ತದೆ, ಕಳಿಸುವ ಹಂತ ಓಡುವುದೇ ಇಲ್ಲ. ಗೆದ್ದ ಬಿಲ್ಡ್‌ಗಳ ವರದಿ ಮಾತ್ರ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ನೂರಕ್ಕೆ ನೂರು ಯಶಸ್ಸು ಹೊಳೆಯುತ್ತದೆ, ಇತ್ತ ತಂಡ ದಿನವೂ ಕೆಂಪು ನೋಡುತ್ತಿರುತ್ತದೆ. ಗೆಲ್ಲಲಿ ಸೋಲಲಿ ಕಡ್ಡಾಯವಾಗಿ ಓಡುವ ಭಾಗ ಜೆಂಕಿನ್ಸ್ ಪೈಪ್‌ಲೈನಿನಲ್ಲಿದೆ. ವರದಿ ಕಳಿಸುವ ಸಾಲನ್ನು ಅಲ್ಲಿಯೇ ಇಡಬೇಕು. ಹಾಗೆಯೇ, ಅನಲಿಟಿಕ್ಸ್ ಸೇವೆಯೇ ಒಂದು ದಿನ ಕೈಕೊಟ್ಟರೆ ಆ ಕಾರಣಕ್ಕೆ ಬಿಲ್ಡ್ ಸೋಲದಂತೆಯೂ ನೋಡಿಕೊಳ್ಳಬೇಕು.

ಪ್ರತಿ ವರದಿಗೂ ಗುರುತು ಹಚ್ಚುವುದು ಉಳಿದ ಕೆಲಸ: ಯಾವ ಬ್ರಾಂಚ್ (ಕೋಡಿನ ಕವಲು), ಯಾವ ಕಮಿಟ್ (ದಾಖಲಿಸಿದ ಬದಲಾವಣೆ), ಎಷ್ಟನೇ ಬಿಲ್ಡ್, ಸರ್ವರಿನದೋ ಲ್ಯಾಪ್‌ಟಾಪಿನದೋ. ಈ ಗುರುತುಗಳಿಲ್ಲದೆ ರಾಶಿ ಬಿದ್ದ ವರದಿಗಳಲ್ಲಿ ಹುಡುಕುವುದು ಕಷ್ಟ.

ಬೆಳಗಾವಿ ಎಂಬ ಏಳು, ಇಪ್ಪತ್ತೊಂದು

‘ನನ್ನಲ್ಲಿ ಓಡುತ್ತದೆ, ಅಲ್ಲಿ ಓಡುವುದಿಲ್ಲ’ ಎಂಬ ದೂರಿಗೆ ನಮ್ಮದೇ ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದಲ್ಲಿ ಊರ ಹೆಸರು ತೋರಿಸುವ ಒಂದು ಸಣ್ಣ ಜಾವಾ ಪ್ರಾಜೆಕ್ಟ್ ಇದೆ ಎಂದಿಟ್ಟುಕೊಳ್ಳಿ. ‘ಬೆಳಗಾವಿ’ ಎಂಬ ಹೆಸರಿನ ಉದ್ದ ಸರಿಯಾಗಿ ಬರುತ್ತದೆಯೇ ಎಂದು ನೋಡುವ ಒಂದು ಟೆಸ್ಟ್ ಅದರಲ್ಲಿದೆ.

ನಮ್ಮ ಕಣ್ಣಿಗೆ ಬೆಳಗಾವಿಯಲ್ಲಿ ನಾಲ್ಕು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಏಳು, ಏಕೆಂದರೆ ಎತ್ವ, ದೀರ್ಘ, ಗುಡಿಸುಗಳು ಪ್ರತ್ಯೇಕ ಸಂಕೇತಗಳು. ಫೈಲಿನಲ್ಲಿ ಯುಟಿಎಫ್-8 ಪದ್ಧತಿಯಂತೆ ಉಳಿಸಿದಾಗ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್, ಒಟ್ಟು 21. ಯಂತ್ರ ಆ ಫೈಲನ್ನು ಯುಟಿಎಫ್-8 ಎಂದು ತಿಳಿದು ಓದಿದರೆ ಏಳು ಸಿಗುತ್ತದೆ. ಒಂದು ಬೈಟಿಗೆ ಒಂದು ಅಕ್ಷರ ಎಂಬ ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಓದಿದರೆ 21 ಸಿಗುತ್ತದೆ. ಪರದೆಯ ಮೇಲೆ ಊರಿನ ಹೆಸರಿನ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ.

ಯಾವ ಪದ್ಧತಿಯಲ್ಲಿ ಓದಬೇಕೆಂದು ಪ್ರೋಗ್ರಾಮಿನಲ್ಲಿ ಹೇಳದಿದ್ದರೆ ಹಳೆಯ ಜಾವಾ ಆವೃತ್ತಿಗಳು ಆಪರೇಟಿಂಗ್ ಸಿಸ್ಟಮ್ಮಿನ ರೂಢಿಯನ್ನು ಪಾಲಿಸುತ್ತಿದ್ದವು. ಇಂಗ್ಲಿಷ್ ವಿಂಡೋಸ್‌ನಲ್ಲಿ ಒಂದು, ಉಬುಂಟುವಿನಲ್ಲಿ ಇನ್ನೊಂದು, ಭಾಷೆ ಹೊಂದಿಸದ ಡಾಕರ್ ಕಂಟೇನರಿನಲ್ಲಿ ಮತ್ತೊಂದು. 2022ರ ಮಾರ್ಚಿನಲ್ಲಿ ಬಂದ ಜಾವಾ 18ರಿಂದ ಎಲ್ಲ ಕಡೆ ಯುಟಿಎಫ್-8 ಎಂದಾಯಿತು. ಆದರೆ ಜಾವಾ 8, 11, 17 ಇನ್ನೂ ವ್ಯಾಪಕ ಬಳಕೆಯಲ್ಲಿವೆ. ಮೇವನ್ ಬಳಸಿದವರಲ್ಲಿ ಬಹಳಷ್ಟು ಮಂದಿ ಒಮ್ಮೆಯಾದರೂ ಒಂದು ಹಳದಿ ಎಚ್ಚರಿಕೆ ಕಂಡಿರುತ್ತಾರೆ: ಅಕ್ಷರ ಪದ್ಧತಿಯನ್ನು ನಮೂದಿಸಿಲ್ಲ, ಈ ಬಿಲ್ಡ್ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ ಎಂಬ ಅರ್ಥದ್ದು. ಇಂಗ್ಲಿಷ್ ಅಕ್ಷರಗಳಿಗೆ ಇದರಿಂದ ತೊಂದರೆ ಇಲ್ಲ. ಅವು ಈ ಪದ್ಧತಿಗಳಲ್ಲೆಲ್ಲ ಒಂದೇ. ಏಟು ಬೀಳುವುದು ಕನ್ನಡದಂಥ ಭಾಷೆಗಳಿಗೆ.

ಬಿಲ್ಡ್ ಸ್ಕ್ಯಾನಿನ ‘ಇನ್ಫ್ರಾಸ್ಟ್ರಕ್ಚರ್’ ಪುಟದಲ್ಲಿ ಆಪರೇಟಿಂಗ್ ಸಿಸ್ಟಂ, ಜಾವಾ ಆವೃತ್ತಿಗಳ ಜೊತೆ ಭಾಷೆಯ ಸೆಟ್ಟಿಂಗ್ ಮತ್ತು ಅಕ್ಷರ ಪದ್ಧತಿಯೂ ದಾಖಲಾಗಿರುತ್ತವೆ. ಲ್ಯಾಪ್‌ಟಾಪಿನ ಸ್ಕ್ಯಾನ್ ಒಂದು, ಸರ್ವರಿನ ಸ್ಕ್ಯಾನ್ ಒಂದು ಪಕ್ಕಪಕ್ಕ ತೆರೆದರೆ ವ್ಯತ್ಯಾಸ ಅಲ್ಲೇ ಕಾಣುತ್ತದೆ. ಪರಿಹಾರ ಬಿಲ್ಡ್ ಫೈಲಿನಲ್ಲಿ ಒಂದು ಸಾಲು. ಕನ್ನಡದಲ್ಲಿ ತಂತ್ರಾಂಶ ಮಾಡುವವರ ಎಷ್ಟೋ ಸಂಜೆಗಳನ್ನು ಈ ಒಂದು ಸಾಲಿನ ಕೊರತೆ ನುಂಗಿದೆ. ದಾಖಲೆ ಇಲ್ಲದಾಗ ಬೈಗುಳ ಬೀಳುವುದು ಕನ್ನಡಕ್ಕೆ: ‘ಕನ್ನಡ ಹಾಕಿದರೆ ತೊಂದರೆ, ಇಂಗ್ಲಿಷೇ ಇರಲಿ’ ಎಂಬ ತೀರ್ಮಾನಕ್ಕೆ ತಂಡ ಬಂದುಬಿಡುತ್ತದೆ. ನನಗೆ ಈ ಸಂಗತಿ ಬರೀ ತಾಂತ್ರಿಕ ಎನಿಸದಿರುವುದು ಅದಕ್ಕೇ.

ಕಾರಣವಿಲ್ಲದೆ ಬೀಳುವ ಟೆಸ್ಟ್

ಕೋಡಿನಲ್ಲಿ ಏನೂ ಬದಲಾಗದೆ ಒಮ್ಮೆ ಗೆದ್ದು ಒಮ್ಮೆ ಸೋಲುವ ಟೆಸ್ಟ್‌ಗಳನ್ನು ‘ಫ್ಲೇಕಿ ಟೆಸ್ಟ್’ ಎನ್ನುತ್ತಾರೆ. ‘ಇನ್ನೊಮ್ಮೆ ರನ್ ಮಾಡು’ ಎಂಬ ಅಭ್ಯಾಸ ಹುಟ್ಟಿದ್ದೇ ಇವುಗಳಿಂದ.

ಒಂದು ಟೆಸ್ಟ್ 200 ಸಲಕ್ಕೆ ಒಮ್ಮೆ ಮಾತ್ರ ಸುಮ್ಮನೆ ಬೀಳುತ್ತದೆ ಎಂದರೆ ಯಾರಿಗೂ ಚಿಂತೆ ಎನಿಸದು. ಆದರೆ ಅಂಥ 100 ಟೆಸ್ಟ್‌ಗಳು ಒಂದೇ ಪ್ರಾಜೆಕ್ಟಿನಲ್ಲಿದ್ದರೆ? ಎಲ್ಲವೂ ಒಟ್ಟಿಗೆ ಗೆಲ್ಲುವ ಸಾಧ್ಯತೆ ಸುಮಾರು ಶೇ 61ಕ್ಕೆ ಇಳಿಯುತ್ತದೆ. ಅಂದರೆ ಹತ್ತರಲ್ಲಿ ನಾಲ್ಕು ಬಿಲ್ಡ್ ಯಾರ ತಪ್ಪೂ ಇಲ್ಲದೆ ಕೆಂಪು. ಆಗ ತಂಡ ಕೆಂಪನ್ನು ನಂಬುವುದನ್ನೇ ಬಿಡುತ್ತದೆ. ನಿಜವಾದ ದೋಷದಿಂದ ಕೆಂಪಾದ ದಿನವೂ ಮತ್ತೊಮ್ಮೆ ಒತ್ತಿ ಹಸಿರು ಮಾಡಿ ಮುಂದೆ ಹೋಗುತ್ತಾರೆ.

ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ತಮ್ಮ ಲೆಕ್ಕ ಬಿಚ್ಚಿಟ್ಟರು. ಅವರ ಟೆಸ್ಟ್‌ಗಳಲ್ಲಿ ಸುಮಾರು ಶೇ 16ರಷ್ಟಕ್ಕೆ ಒಂದಲ್ಲ ಒಂದು ಮಟ್ಟದ ಈ ಚಂಚಲತೆ ಇತ್ತು. ಗೆಲ್ಲುತ್ತಿದ್ದ ಟೆಸ್ಟ್ ಇದ್ದಕ್ಕಿದ್ದಂತೆ ಸೋತ ಪ್ರಸಂಗಗಳಲ್ಲಿ ಶೇ 84ರಷ್ಟರಲ್ಲಿ ಫ್ಲೇಕಿ ಟೆಸ್ಟ್‌ನ ಕೈವಾಡವಿತ್ತು.

ಈ ಚಂಚಲತೆಗೆ ಕಾರಣಗಳು ಹಲವು. ಉತ್ತರ ಬರುವ ಮೊದಲೇ ಪರಿಶೀಲಿಸುವ ಅವಸರ, ಇನ್ನೊಂದು ಟೆಸ್ಟ್ ಬಿಟ್ಟುಹೋದ ಕಸ, ಹೊರಗಿನ ನೆಟ್‌ವರ್ಕಿನ ಮೇಲಿನ ಅವಲಂಬನೆ. ನಮ್ಮ ದೇಶಕ್ಕೆ ತಕ್ಕ ಒಂದು ಕಾರಣವಿದೆ: ಗಡಿಯಾರ. ಸಿಐ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಬೆಳಗಾವಿಯಲ್ಲಿ ಒಂದು ತಾರೀಖು, ಸರ್ವರಿನಲ್ಲಿ ಅದರ ಹಿಂದಿನದು. ‘ಇಂದಿನ ದಿನಾಂಕ’ವನ್ನು ಒಂದೆಡೆ ಭಾರತದ ಲೆಕ್ಕದಲ್ಲಿ, ಇನ್ನೊಂದೆಡೆ ಸರ್ವರಿನ ಲೆಕ್ಕದಲ್ಲಿ ತೆಗೆದುಕೊಳ್ಳುವ ಟೆಸ್ಟ್ ಆ ಹೊತ್ತಿನಲ್ಲಿ ಮಾತ್ರ ಬೀಳುತ್ತದೆ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಎರಡು ಗಂಟೆಗೆ ಕೆಂಪು. ಬೆಳಿಗ್ಗೆ ಎದ್ದು ಓಡಿಸಿದರೆ ಹಸಿರು.

ಒಂದು ಬಿಲ್ಡ್ ನೋಡಿ ಇದನ್ನು ಹಿಡಿಯುವುದು ಹೆಚ್ಚುಕಡಿಮೆ ಅಸಾಧ್ಯ. ಅನಲಿಟಿಕ್ಸ್ ಸೇವೆ ತಿಂಗಳುಗಳ ಫಲಿತಾಂಶವನ್ನು ಒಟ್ಟುಮಾಡಿರುತ್ತದೆ. ಒಂದು ಟೆಸ್ಟಿನ ಸೋಲುಗಳನ್ನೆಲ್ಲ ಹೊತ್ತಿನ ಪ್ರಕಾರ ಜೋಡಿಸಿದರೆ ಅವು ರಾತ್ರಿಯ ಆ ಐದೂವರೆ ಗಂಟೆಯಲ್ಲಿ ಗುಂಪುಗೂಡಿರುವುದು ಕಾಣುತ್ತದೆ. ಪುನಃ ಪುನಃ ಓಡಿಸಿ ಹಸಿರು ಮಾಡುವ ಸೌಲಭ್ಯ ಹಲವು ಸಲಕರಣೆಗಳಲ್ಲಿ ಇದೆ. ಅದನ್ನು ಬಳಸುವವರು ಮೊದಲ ಸೋಲನ್ನೂ ದಾಖಲೆಗೆ ಕಳಿಸಬೇಕು. ಇಲ್ಲದಿದ್ದರೆ ರೋಗದ ಲಕ್ಷಣವನ್ನು ಮುಚ್ಚಿಟ್ಟಂತೆ.

ಕಾಯುವ ನಿಮಿಷಗಳು

ಬಿಲ್ಡ್ ಹತ್ತು ನಿಮಿಷದೊಳಗೆ ಮುಗಿಯಬೇಕು ಎಂಬುದು ಕೆಂಟ್ ಬೆಕ್ ಅವರ ಹಳೆಯ ಸೂತ್ರ. ಲೆಕ್ಕ ಹಾಕಿ ನೋಡಿ. ಎಂಟು ಮಂದಿಯ ತಂಡ, ಒಬ್ಬರು ದಿನಕ್ಕೆ ನಾಲ್ಕು ಸಲ ಕೋಡ್ ಕಳಿಸುತ್ತಾರೆ, ಒಂದು ಬಿಲ್ಡಿಗೆ 18 ನಿಮಿಷ. ದಿನಕ್ಕೆ 576 ನಿಮಿಷ, ಒಂಬತ್ತೂವರೆ ಗಂಟೆಗೂ ಮಿಕ್ಕಿ. ಅದನ್ನು ಎಂಟು ನಿಮಿಷಕ್ಕೆ ಇಳಿಸಿದರೆ ದಿನಕ್ಕೆ 320 ನಿಮಿಷ ಉಳಿಯುತ್ತದೆ.

ಎಲ್ಲಿ ಇಳಿಸಬೇಕು ಎಂಬುದು ಸ್ಕ್ಯಾನಿನ ಕಾಲರೇಖೆಯಲ್ಲಿ ಕಾಣುತ್ತದೆ. ಹಿಂದಿನ ಬಿಲ್ಡಿನಿಂದೀಚೆಗೆ ಬದಲಾಗದ ಭಾಗವನ್ನು ಮತ್ತೆ ಮಾಡದೆ ಬಿಡುವ ಜಾಣತನ ಗ್ರೇಡಲ್‌ಗೆ ಇದೆ. ಆದರೆ ಯಾರೋ ಪ್ರತಿ ಬಿಲ್ಡಿನಲ್ಲೂ ಆ ಕ್ಷಣದ ಸಮಯವನ್ನು ಫೈಲಿಗೆ ಬರೆಯುವ ಸಾಲು ಸೇರಿಸಿದ್ದರೆ ಎಲ್ಲವೂ ‘ಬದಲಾಗಿದೆ’ ಎಂದೇ ಅದಕ್ಕೆ ಕಾಣುತ್ತದೆ, ಇಡೀ ಕೆಲಸ ಮೊದಲಿನಿಂದ ನಡೆಯುತ್ತದೆ. ಅಭ್ಯಾಸಬಲದಿಂದ ಪ್ರತಿಸಲವೂ ‘ಕ್ಲೀನ್’ ಎಂದು ಹಳೆಯದನ್ನು ಅಳಿಸಿ ಶುರುಮಾಡುವವರೂ ಇದ್ದಾರೆ. ತಾತ್ಕಾಲಿಕ ಯಂತ್ರಗಳಲ್ಲಿ ನೂರಾರು ಲೈಬ್ರರಿಗಳು ಪ್ರತಿಸಲ ಹೊಸದಾಗಿ ಇಳಿಯುತ್ತಿರುತ್ತವೆ.

ಕೀಲಿ ಕಳೆದುಹೋದ ಎರಡು ತಿಂಗಳು

ಹೊರಗಿನ ಸೇವೆಯೊಂದನ್ನು ಪೈಪ್‌ಲೈನಿಗೆ ಜೋಡಿಸುವುದೆಂದರೆ ಮನೆಯ ಒಳಕೋಣೆಗೆ ಅದಕ್ಕೆ ಪ್ರವೇಶ ಕೊಟ್ಟಂತೆ. ಡೇಟಾಬೇಸ್ ಪಾಸ್‌ವರ್ಡ್, ಕ್ಲೌಡ್ ಖಾತೆಯ ಕೀಲಿ, ಆ್ಯಪ್‌ಗೆ ಸಹಿ ಹಾಕುವ ಕೀಲಿ ಎಲ್ಲವೂ ಪೈಪ್‌ಲೈನ್ ಓಡುವಾಗ ಅಲ್ಲಿಯೇ ಇರುತ್ತವೆ.

2021ರಲ್ಲಿ ಇದರ ಬೆಲೆ ಜಗತ್ತಿಗೆ ಗೊತ್ತಾಯಿತು. ಕೋಡ್‌ಕವ್ ಎಂಬ ಸೇವೆ, ಕೋಡಿನ ಎಷ್ಟು ಭಾಗವನ್ನು ಟೆಸ್ಟ್‌ಗಳು ಮುಟ್ಟಿವೆ ಎಂದು ಅಳೆದು ತೋರಿಸುತ್ತದೆ. ಪೈಪ್‌ಲೈನಿನಲ್ಲಿ ಅದರ ಒಂದು ಸ್ಕ್ರಿಪ್ಟನ್ನು ಇಳಿಸಿಕೊಂಡು ನೇರ ಓಡಿಸುವುದು ರೂಢಿಯಾಗಿತ್ತು. ಆ ವರ್ಷ ಜನವರಿ 31ರಿಂದ ಕಳ್ಳರು ಆ ಸ್ಕ್ರಿಪ್ಟನ್ನು ಆಗಾಗ ತಿದ್ದಿದರು. ಸ್ಕ್ರಿಪ್ಟ್ ಎಂದಿನ ಕೆಲಸ ಮಾಡುತ್ತಲೇ ಪೈಪ್‌ಲೈನಿನಲ್ಲಿದ್ದ ಗುಪ್ತ ಕೀಲಿಗಳನ್ನು ಕಳ್ಳರ ಸರ್ವರಿಗೂ ಕಳಿಸುತ್ತಿತ್ತು. ಎರಡು ತಿಂಗಳು ಯಾರಿಗೂ ಸುಳಿವು ಸಿಗಲಿಲ್ಲ. ಏಪ್ರಿಲ್ 1ರಂದು ಒಬ್ಬ ಗ್ರಾಹಕರು ತಾವು ಇಳಿಸಿಕೊಂಡ ಸ್ಕ್ರಿಪ್ಟಿನ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಪ್ರಕಟಿತ ಚೆಕ್‌ಸಮ್ಮಿಗೆ ಹೊಂದುವುದಿಲ್ಲ ಎಂದು ಗಮನಿಸಿ ತಿಳಿಸಿದರು. ಏಪ್ರಿಲ್ 15ರಂದು ಕಂಪನಿ ಬಹಿರಂಗಪಡಿಸಿತು. ಹಾಶಿಕಾರ್ಪ್‌ನಂಥ ಹೆಸರಾಂತ ಕಂಪನಿಯೂ ತನ್ನ ತಂತ್ರಾಂಶಗಳಿಗೆ ಸಹಿ ಹಾಕುವ ಕೀಲಿ ಬಯಲಾಗಿದೆ ಎಂದು ಹೇಳಿ ಅದನ್ನು ಬದಲಿಸಬೇಕಾಯಿತು.

ಎರಡು ತಿಂಗಳ ಕಾಲ ಸಾವಿರಾರು ತಂಡಗಳು ಮಾಡದ ಕೆಲಸವನ್ನು ಒಬ್ಬರು ಮಾಡಿದರು. ಇಳಿಸಿದ್ದು ಅಸಲಿಯೇ ಎಂದು ನೋಡಿದರು, ಅಷ್ಟೇ. 2025ರ ಮಾರ್ಚಿನಲ್ಲಿ ಗಿಟ್‌ಹಬ್‌ನಲ್ಲಿ 23,000ಕ್ಕೂ ಹೆಚ್ಚು ಕೋಡ್ ಭಂಡಾರಗಳು ಬಳಸುತ್ತಿದ್ದ ಒಂದು ಪುಟ್ಟ ಸಹಾಯಕ ಪ್ರೋಗ್ರಾಮಿಗೆ ಇಂಥದೇ ಗತಿಯಾಯಿತು. ಕೀಲಿಗಳು ಲಾಗಿನೊಳಗೆ ಬಿದ್ದವು.

ಆದ್ದರಿಂದ ಜೋಡಿಸುವವರು ಕೆಲವು ಕಟ್ಟುಪಾಡು ಇಟ್ಟುಕೊಳ್ಳಬೇಕು. ಪ್ಲಗಿನ್ನಿನ ‘ಇತ್ತೀಚಿನದು’ ಎನ್ನುವ ಬದಲು ನಿಖರ ಆವೃತ್ತಿ ನಮೂದಿಸಬೇಕು. ಅನಲಿಟಿಕ್ಸ್ ಹಂತಕ್ಕೆ ಅದರದ್ದೇ ಕೀಲಿ ಮಾತ್ರ ಸಿಗಬೇಕು, ಉಳಿದವು ಕಣ್ಣಿಗೂ ಬೀಳಬಾರದು. ಹೊರಗಿನವರು ಕಳಿಸಿದ ಕೋಡಿನ ಬಿಲ್ಡಿಗೆ ಯಾವ ಕೀಲಿಯೂ ಬೇಡ. ಇನ್ನೊಂದು ಮಾತು ವಿದ್ಯಾರ್ಥಿಗಳಿಗೆ: ಗ್ರೇಡಲ್‌ನ ಉಚಿತ ಸೇವೆಗೆ ಕಳಿಸಿದ ಸ್ಕ್ಯಾನನ್ನು ಕೊಂಡಿ ಸಿಕ್ಕ ಯಾರಾದರೂ ತೆರೆದು ನೋಡಬಹುದು. ಯಂತ್ರದ ಹೆಸರು, ಬಳಕೆದಾರರ ಹೆಸರು, ಐಪಿ ವಿಳಾಸ ಅದರಲ್ಲಿರುತ್ತವೆ. ಇವನ್ನು ಮರೆಮಾಚುವ ಆಯ್ಕೆ ಪ್ಲಗಿನ್ನಿನಲ್ಲೇ ಇದೆ. ಇಂಟರ್ನ್‌ಶಿಪ್‌ಗೆ ಹೋದ ಕಂಪನಿಯ ಕೋಡನ್ನು ಅನುಮತಿಯಿಲ್ಲದೆ ಇಲ್ಲಿಗೆ ಕಳಿಸಲೇಬಾರದು.

ಯಾರನ್ನು ಅಳೆಯುತ್ತೇವೆ

ಇಷ್ಟೆಲ್ಲ ಅಂಕಿಗಳು ಕೈಗೆ ಬಂದ ಮೇಲೆ ಕೆಲವು ವ್ಯವಸ್ಥಾಪಕರಿಗೆ ಒಂದು ಆಸೆ ಹುಟ್ಟುತ್ತದೆ: ಯಾರ ಬಿಲ್ಡ್ ಹೆಚ್ಚು ಸಲ ಸೋತಿದೆ ಎಂಬ ಪಟ್ಟಿ ಮಾಡುವುದು. ಇದು ಕೆಟ್ಟ ಯೋಚನೆ. ಪಟ್ಟಿ ಬಂದ ದಿನದಿಂದ ಜನ ಕಷ್ಟದ ಕೆಲಸ ಮುಟ್ಟುವುದಿಲ್ಲ, ಬೀಳಬಹುದಾದ ಟೆಸ್ಟ್ ಬರೆಯುವುದಿಲ್ಲ, ಬರೆದದ್ದನ್ನೂ ಅಳಿಸುತ್ತಾರೆ. ಪೈಪ್‌ಲೈನ್ ಇರುವುದೇ ತಪ್ಪನ್ನು ಬೇಗ ತೋರಿಸಲು. ತಪ್ಪಿಗೆ ಶಿಕ್ಷೆಯಿದ್ದರೆ ಅದು ಅಡಗುತ್ತದೆ. ಪಟ್ಟಿ ಮಾಡುವುದಿದ್ದರೆ ಅತಿ ಹೆಚ್ಚು ಹೊತ್ತು ತಿನ್ನುವ ಹಂತಗಳದ್ದು ಮಾಡಲಿ, ಅತಿ ಹೆಚ್ಚು ಚಂಚಲವಾದ ಟೆಸ್ಟ್‌ಗಳದ್ದು ಮಾಡಲಿ.

ನಮ್ಮ ಲ್ಯಾಬಿಗೆ ಏನು ಬೇಕು

‘ಬಿಯಾಂಡ್ ಬೆಂಗಳೂರು’ ಎಂಬ ರಾಜ್ಯದ ಯೋಜನೆಯಲ್ಲಿ ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಒಂದು ಕ್ಲಸ್ಟರ್. ಈ ಊರುಗಳಲ್ಲೇ ಉಳಿದು ತಂತ್ರಾಂಶದ ಕೆಲಸ ಮಾಡುವವರ ಸಂಖ್ಯೆ ಹೆಚ್ಚಬೇಕೆಂಬುದು ಆಶಯ. ಪುಣೆಗೋ ಬೆಂಗಳೂರಿಗೋ ಹೋಗದೆ ಶಿವಬಸವ ನಗರದ ಕೋಣೆಯಿಂದಲೇ ದೂರದ ತಂಡದ ಜೊತೆ ಕೆಲಸ ಮಾಡುವ ಹುಡುಗಿಗೆ ಪಕ್ಕದ ಕುರ್ಚಿಯಲ್ಲಿ ಹಿರಿಯರಿರುವುದಿಲ್ಲ. ಬಿಲ್ಡ್ ಏಕೆ ಬಿತ್ತು ಎಂದು ಅವಳು ದಾಖಲೆಯಿಂದಲೇ ತಿಳಿಯಬೇಕು. ಸಹಾಯ ಕೇಳುವಾಗ ‘ಓಡುತ್ತಿಲ್ಲ’ ಎನ್ನುವ ಬದಲು ಒಂದು ಸ್ಕ್ಯಾನಿನ ಕೊಂಡಿ ಕಳಿಸಿದರೆ ಎದುರಿನವರು ಅದೇ ಪುಟ ನೋಡಿ ಉತ್ತರಿಸಬಹುದು.

ಇದನ್ನು ಕಲಿಸಲು ದುಬಾರಿ ಪರವಾನಗಿ ಬೇಡ. ಡೆವಾಪ್ಸ್ ಲ್ಯಾಬಿನಲ್ಲಿ ಈಗಾಗಲೇ ಇರುವ ಗ್ರೇಡಲ್ ಮತ್ತು ಜೆಂಕಿನ್ಸ್ ಸಾಕು. ಇಂಟರ್ನೆಟ್ ಸರಿಯಿಲ್ಲದ ದಿನ ಹೊರಗಿನ ಸೇವೆಯನ್ನೇ ಬಿಟ್ಟು ಜೆಯುನಿಟ್ ಫೈಲುಗಳನ್ನು ಜೆಂಕಿನ್ಸ್‌ಗೇ ಕೊಟ್ಟರೆ, ಬಿಲ್ಡಿನಿಂದ ಬಿಲ್ಡಿಗೆ ಟೆಸ್ಟ್‌ಗಳ ಏರಿಳಿತವನ್ನು ಅದೇ ನಕ್ಷೆ ಬಿಡಿಸಿ ತೋರಿಸುತ್ತದೆ.

ರೆಕಾರ್ಡ್ ಪುಸ್ತಕಕ್ಕೆ ಮೂರು ಪುಟ ಸೇರಿಸಬಹುದು. ಮೊದಲ ಪುಟದಲ್ಲಿ ಒಂದೇ ಪ್ರಾಜೆಕ್ಟನ್ನು ಎರಡು ಸಲ ಓಡಿಸಿ, ಎರಡನೆಯ ಸಲ ಯಾವ ಹಂತಗಳು ಮತ್ತೆ ನಡೆದವು, ಏಕೆ ಎಂದು ಬರೆಯುವುದು. ಎರಡನೆಯದರಲ್ಲಿ ಬೇಕೆಂದೇ ಒಂದು ಟೆಸ್ಟನ್ನು ಬೀಳಿಸಿ, ಆ ಸೋಲಿನ ವರದಿ ನಿಜವಾಗಿ ತಲುಪಿತೇ ಎಂದು ಪರೀಕ್ಷಿಸುವುದು. ಮೂರನೆಯದರಲ್ಲಿ ಕನ್ನಡ ಹೆಸರಿರುವ ಟೆಸ್ಟನ್ನು ಜಾವಾ 11ರಲ್ಲಿ, ಅಕ್ಷರ ಪದ್ಧತಿ ನಮೂದಿಸದೆ, ವಿಂಡೋಸ್ ಮತ್ತು ಉಬುಂಟು ಎರಡರಲ್ಲೂ ಓಡಿಸಿ ಎರಡು ಸ್ಕ್ಯಾನುಗಳನ್ನು ಹೋಲಿಸುವುದು. ವೈವಾಕ್ಕೆ ಬಂದ ಪರೀಕ್ಷಕರು ಪೈಪ್‌ಲೈನಿನ ಹಂತಗಳ ಹೆಸರನ್ನು ಕೇಳುವ ಬದಲು ಈ ಮೂರು ಪುಟಗಳಲ್ಲಿ ಒಂದನ್ನು ತೆರೆಸಿ, ‘ಇಲ್ಲಿ ಕೆಂಪಾದದ್ದು ಯಾಕೆ?’ ಎಂದು ಕೇಳಲಿ.